ಒಣಗುತ್ತಿದ್ದ ಹೆಜ್ಜೆಗಳು

ಚಿತ್ತಾಪುರದಲ್ಲಿ ಜಾನಕೀಬಾಯಿಯ ಬಾಯಿಗೆ ಹೆದರದವರು ಕಡಿಮೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುವ ಗಾದೆ ಆಕೆಗೂ ಗೊತ್ತಿತ್ತು. ಆದರೂ ಆಕೆ ಇದ್ದದ್ದನ್ನೇ ಹೇಳುವವಳು. ಮದುವೆಯ ಪಂಕ್ತಿಯಲ್ಲಿ ಕೂತು ಬೀಗರ ಎದುರಿಗೇ ಸಾರಿಗೆ ಉಪ್ಪು ಬಿದ್ದಿಲ್ಲ ಎಂದವಳು. ಆಕೆಯ ಗಂಡ ಪ್ರಹ್ಲಾದರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಅವರು ಜೀವಮಾನವಿಡೀ ಬರೆದ ಚಿತ್ರಗಳಲ್ಲಿ ಆಕೆ ಮೆಚ್ಚಿದ್ದು ಒಂದೂ ಇಲ್ಲ. "ಆಕಳ ಕಾಲು ಮಂಚದ ಕಾಲಿನಂಗ ಆಗ್ಯಾವ," ಎನ್ನುವಳು, ಒಳಗೆ ಹೋಗಿ ಒಗ್ಗರಣೆ ಹಾಕುವಳು. ಮಾಸ್ತರರು ನಕ್ಕು ಕಾಲನ್ನು ಅಳಿಸಿ ಮತ್ತೆ ಬರೆಯುವರು. ಹೊಗಳುವವರು ಊರ ತುಂಬ ಇದ್ದರು. ಅವರಿಗೆ ಮನೆಯಲ್ಲಿ ಬೇಕಾಗಿದ್ದದ್ದು ಈ ಬಾಯಿಯೇ.

ಇದು ಎರಡು ಸಾವಿರದ ಎಂಟರ ಮಾತು. ಫೋನಿನಲ್ಲಿ ಕ್ಯಾಮೆರಾ ಬಂದು, ಕಂಡಕಂಡವರೆಲ್ಲ ಕಂಡಕಂಡದ್ದನ್ನು ಹೊಡೆಯತೊಡಗಿದ್ದ ಕಾಲ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ದೇವೀಂದ್ರಪ್ಪನ ಫೋಟೊ ಸ್ಟುಡಿಯೋ ಇತ್ತು. ಊರವರೆಲ್ಲ ತಾವೇ ಫೋಟೊ ತೆಗೆದುಕೊಳ್ಳುವಂತಾದ ಮೇಲೆ ಅವನಿಗೆ ಬೇಕಾದಷ್ಟು ಪುರಸೊತ್ತು. ಅವನೇ ಈ ಆಟ ಶುರು ಮಾಡಿದ್ದು. ತಿಂಗಳಿಗೊಂದು ಭಾನುವಾರ ಸಂಜೆ ನಾಲ್ವರು ಸೇರುವರು: ದೇವೀಂದ್ರಪ್ಪ, ವಾಡಿ ಜಂಕ್ಷನ್ನಿನಲ್ಲಿ ಕೆಲಸ ಮಾಡುವ ಅಬ್ದುಲ್ ಕರೀಮ್, ಗುಂಡಗುರ್ತಿಯ ಶಾಲೆಯಲ್ಲಿ ಕಲಿಸುವ ಉಮಾದೇವಿ, ಮತ್ತೆ ನಮ್ಮ ಮಾಸ್ತರರು. ತಿಂಗಳಿಗೊಂದು ವಿಷಯ. ಫೋನಿನಲ್ಲೇ ತೆಗೆದಿರಬೇಕು. ಬ್ಲೂಟೂತ್‌ನಿಂದ ದೇವೀಂದ್ರಪ್ಪನ ಕಂಪ್ಯೂಟರಿಗೆ ಹಾಕಿ ಒಂದೊಂದಾಗಿ ನೋಡುವುದು. ಪ್ರತಿ ಫೋಟೊಗೂ ಒಂದು ಚಹಾದ ಗ್ಲಾಸು, ಪ್ರತಿಯೊಬ್ಬರಿಗೂ ಒಂದು ತೊಗರಿ ಕಾಳು. ಮೆಚ್ಚಿದ ಫೋಟೊದ ಗ್ಲಾಸಿಗೆ ಕಾಳು ಹಾಕಬೇಕು, ತನ್ನದಕ್ಕೆ ತಾನು ಹಾಕಿಕೊಳ್ಳುವಂತಿಲ್ಲ. ಗೆದ್ದವರಿಗೆ ಮಿರ್ಚಿ ಭಜಿ, ಮುಂದಿನ ತಿಂಗಳ ವಿಷಯ ಹೇಳುವ ಹಕ್ಕು. ಸೋತವರಿಗೂ ಮಿರ್ಚಿ ಭಜಿಯೇ. ತೊಗರಿಯ ನಾಡಿನಲ್ಲಿ ಓಟಿಗೆ ಬರ ಇಲ್ಲ ಎಂದು ಕರೀಮ್ ನಗಿಸುತ್ತಿದ್ದ.

ಉಳಿದವರಿಗೆ ಇದು ಆಟ. ಮಾಸ್ತರರಿಗೆ ಮಾತ್ರ ಅಲ್ಲ. ಆ ವರ್ಷವೇ ಸೊಲ್ಲಾಪುರದ ಕಣ್ಣಿನ ಡಾಕ್ಟರರು, ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದ ನೋಟ ಬರುವುದಿಲ್ಲ, ಹನಿ ಹಾಕುತ್ತ ಉಳಿದದ್ದನ್ನು ಕಾಯ್ದುಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಎಷ್ಟು ಉಳಿದಿದೆ? ನೋಡುವವನಿಗೆ ತಾನು ಕಾಣದ್ದು ಎಷ್ಟೆಂದು ಹೇಗೆ ಗೊತ್ತಾಗಬೇಕು? ಅದಕ್ಕೇ ಮಾಸ್ತರರು ಈ ಸ್ಪರ್ಧೆ ಹಿಡಿದರು. ತೆಗೆದ ಫೋಟೊ ನಾಲ್ಕು ಜನರ ಎದುರು ನೆಟ್ಟಗೆ ನಿಂತರೆ ಕಣ್ಣು ಇನ್ನೂ ಇದೆ ಎಂದು ಲೆಕ್ಕ. ಕಾಯಿಲೆಯ ಸುದ್ದಿ ಮಾತ್ರ ಅವರು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಜನ ಸುಳ್ಳು ಶುರು ಮಾಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಮೊದಲು ಅವರು ಗೆದ್ದರು, ಸೋತರು, ಎಲ್ಲರಂತೆ. ಆಮೇಲೆ 'ಬಾಗಿಲು' ಎಂಬ ವಿಷಯ ಬಂದಾಗ ಅವರ ಫೋಟೊದಲ್ಲಿ ಬಾಗಿಲ ಪಕ್ಕದ ಗೋಡೆ ಮಾತ್ರ ಇತ್ತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಾಸ್ತರರೂ ನಕ್ಕರು, ಸ್ವಲ್ಪ ತಡವಾಗಿ. ಅದೇ ವಾರ ವಾಡಿಯ ಪ್ಲಾಟ್‌ಫಾರಂನಲ್ಲಿ ಕರೀಮ್ ಎದುರಿಗೇ ನಿಂತು ಸಲಾಂ ಮಾಡಿದರೂ ಅವರು ಕಾಣದೆ ಮುಂದೆ ಹೋದರು. ಮೂವರಿಗೂ ವಿಷಯ ತಿಳಿಯಿತು. ಒಳ್ಳೆಯವರಲ್ಲವೇ, ಕೂಡಿ ಒಂದು ಒಳ್ಳೆಯ ಕೆಲಸ ಮಾಡಿದರು: ಅಂದಿನಿಂದ ಕಾಳೆಲ್ಲ ಮಾಸ್ತರರ ಗ್ಲಾಸಿಗೆ. ಒಳ್ಳೆಯವರ ಕೈಗೆ ಸಿಕ್ಕ ಮನುಷ್ಯನನ್ನು ದೇವರೂ ಬಿಡಿಸಲಾರ.

'ನೀರು' ಎಂಬ ವಿಷಯಕ್ಕೆ ತೆಗೆದ ಫೋಟೊವನ್ನು ಮಾಸ್ತರರು ಎಂದಿನಂತೆ ಮೊದಲು ಹೆಂಡತಿಗೆ ತೋರಿಸಿದರು.

"ಇದರಾಗ ನೀರೂ ಇಲ್ಲ, ಕೊಡಾನೂ ಇಲ್ಲ," ಎಂದಳು ಜಾನಕೀಬಾಯಿ. "ನಿಮ್ಮ ಧೋತರದ ಅಂಚು ಅಷ್ಟ ಬಂದದ."

ಬೇರೆಯದು ತೆಗೆಯಲು ಹೊತ್ತಿರಲಿಲ್ಲ, ಅದನ್ನೇ ಒಯ್ದರು. ತೆರೆಯ ಮೇಲೆ ಅದು ಬಂದದ್ದೇ ತಡ, "ವಾಹ್ ಸರ್, ಏನ್ ತಗದೀರಿ!" ಎಂದ ದೇವೀಂದ್ರಪ್ಪ. "ಜಬರ್ದಸ್ತ್ ಅದ," ಎಂದ ಕರೀಮ್. ಉಮಾದೇವಿ, "ನೀರು ಎಷ್ಟು ತಣ್ಣಗ ಕಾಣಸ್ತದ್ರಿ ಸರ್," ಎಂದು ಬಿಟ್ಟಳು. ಗಂಡನ ಕೈ ಹಿಡಿದು ಕರೆತಂದಿದ್ದ ಜಾನಕೀಬಾಯಿ ಮೂಲೆಯ ಸ್ಟೂಲಿನ ಮೇಲೆ ಹಲ್ಲು ಕಚ್ಚಿ ಕೂತಿದ್ದಳು. ಮಾಸ್ತರರು ತಮ್ಮ ಗ್ಲಾಸನ್ನು ಅಂಗೈಗೆ ಬೋರಲು ಹಾಕಿ ಕಾಳುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೂರೂ ಅಲ್ಲೇ ಇದ್ದವು.

ಮರುದಿನ ಜಾನಕೀಬಾಯಿ ಒಬ್ಬಳೇ ಸ್ಟುಡಿಯೋಕ್ಕೆ ಹೋಗಿ ಜಾಡಿಸಿದಳು. "ದೇವೀಂದ್ರಪ್ಪ, ನಿಮ್ಮ ದಯಾ ನಮಗ ಬ್ಯಾಡ. ಕೆಟ್ಟದ್ದಕ್ಕ ಕೆಟ್ಟದ ಅನ್ರಿ. ಅವರು ಅದನ್ನ ಕೇಳಲಿಕ್ಕೇ ಬರ್ತಾರ."

"ಅಕ್ಕಾರ, ನಮ್ಮದೇನ್ ಹೋಗ್ತದ್ರಿ? ಒಂದು ತೊಗರಿ ಕಾಳು. ಸರ್ ನಕ್ಕೊಂತ ಮನಿಗಿ ಹೋಗ್ತಾರ."

"ನಕ್ಕೊಂತ ಹೋಗ್ತಾರಂತ! ಮನಿಗಿ ಬಂದ ಮ್ಯಾಲ ನೋಡ್ಯಾರೇನು ಯಾರರೆ?"

ಅವಳು ಹೇಳಿದ್ದು ನಿಜ. ಮನೆಯಲ್ಲಿ ಮಾಸ್ತರರು ಮಾತೇ ಆಡುತ್ತಿರಲಿಲ್ಲ. ಗೆದ್ದವರ ಹಕ್ಕಿನಿಂದ ಮುಂದಿನ ವಿಷಯ 'ಬಿಸಿಲು' ಎಂದು ಹೇಳಿ ಬಂದಿದ್ದರು. ನಮ್ಮ ಕಡೆ ಬಿಸಿಲಿಗೇನು ಕೊರತೆ, ಎಲ್ಲಿ ಫೋನು ಹಿಡಿದರೂ ಬೀಳುತ್ತದೆ. ಆದರೆ ಆ ಸಲ ಅವರು ಫೋಟೊ ತೆಗೆದದ್ದು ಬಿಸಿಲಿಗಾಗಿ ಅಲ್ಲ. ಒಂದು ಮುಂಜಾನೆ ಹಿತ್ತಲ ಬಾಗಿಲಲ್ಲಿ ನಿಂತು, ಫೋನಿನ ಬೆನ್ನನ್ನು ಸವರಿ ಕ್ಯಾಮೆರಾದ ಗುಂಡನೆಯ ಕಣ್ಣು ಹುಡುಕಿ, ಅದರ ಮೇಲೆ ಬೆರಳು ಒತ್ತಿಟ್ಟು, ಎಲ್ಲಿಗೋ ಹಿಡಿದು ಗುಂಡಿ ಅದುಮಿದರು. ಕರಿ ಫೋಟೊ ಬರಲಿ, ಅದಕ್ಕೂ ವಾಹ್ ಅನ್ನುತ್ತಾರೋ ನೋಡೋಣ ಎಂದು. ಸ್ನೇಹಿತರನ್ನು ಪರೀಕ್ಷೆ ಮಾಡಬೇಕಾದ ಗತಿ ಯಾವ ಮಾಸ್ತರನಿಗೂ ಬರಬಾರದು.

ಆ ಫೋಟೊವನ್ನು ಹೆಂಡತಿಗೆ ತೋರಿಸಲಿಲ್ಲ. ಕೇಳಿದರೆ, "ಅಲ್ಲೇ ನೋಡೀಯಂತ ಬಾ," ಎಂದರು.

ಭಾನುವಾರ ಸಂಜೆ ಮೊದಲ ಮೂರು ಫೋಟೊ ಬಂದು ಹೋದವು. ಆ ಹೊತ್ತಿಗೆ ಮಾಸ್ತರರಿಗೆ ಹಗಲಿನಲ್ಲಿ ಕಿಟಕಿ ಯಾವ ಕಡೆ ಇದೆ ಎಂಬುದು ತಿಳಿಯುತ್ತಿತ್ತು, ಅಷ್ಟೇ. ಸ್ಟುಡಿಯೋದ ಟ್ಯೂಬ್‌ಲೈಟಿನಲ್ಲಿ ತೆರೆಯ ಮೇಲೆ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಅವರು ಕಿವಿ ಕೊಟ್ಟು ಕೂತರು. ನಾಲ್ಕನೆಯದು ಬಂದಾಗ ಯಾರೂ ಮಾತಾಡಲಿಲ್ಲ.

ತೆರೆಯ ಮೇಲೆ ಹಿತ್ತಲಿನ ಶಾಬಾದಿ ಕಲ್ಲಿನ ಹಾಸು ಇತ್ತು. ಅದರ ಮೇಲೆ ಎಳೆ ಬಿಸಿಲು ಅಡ್ಡ ಬಿದ್ದಿತ್ತು. ತುಳಸಿಕಟ್ಟೆಯಿಂದ ಮನೆಯ ಕಡೆಗೆ ಒದ್ದೆ ಕಾಲಿನ ಹೆಜ್ಜೆಗಳು ಬಂದಿದ್ದವು. ಕಟ್ಟೆಯ ಹತ್ತಿರದ ಹೆಜ್ಜೆ ಆಗಲೇ ಆರಿ ಹೋಗಿತ್ತು, ಅದರ ಮುಂದಿನದು ಅರ್ಧ ಉಳಿದಿತ್ತು, ಬಾಗಿಲ ಹತ್ತಿರದ್ದು ಈಗಷ್ಟೇ ಇಟ್ಟಂತೆ ಹೊಳೆಯುತ್ತಿತ್ತು. ಮನುಷ್ಯರಿಲ್ಲ, ಸೂರ್ಯನಿಲ್ಲ, ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ಜಾನಕೀಬಾಯಿ ಎದ್ದು ನಿಂತಳು. ಆ ಹೆಜ್ಜೆ ಆಕೆಯದೇ. ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗುವುದಿಲ್ಲವೆಂದು ಆಕೆಗಲ್ಲದೆ ಇನ್ಯಾರಿಗೆ ಗೊತ್ತು?

ದೇವೀಂದ್ರಪ್ಪ, "ಸರ್, ನಾ ಇಷ್ಟು ವರ್ಷ ಫೋಟೊ ತಗದೀನಿ. ಇಂಥಾದು ನನ್ನ ಕೈಲಿ ಆಗಿಲ್ಲ," ಎಂದ. ಮಾತು ಮೆಲ್ಲಗಿತ್ತು. ಕರೀಮ್ ಬರೀ, "ಯಾ ಅಲ್ಲಾ," ಎಂದ. ಮೂರು ಕಾಳು ಗ್ಲಾಸಿಗೆ ಬಿದ್ದವು. ಆ ಒಳ್ಳೆಯ ಕೆಲಸ ಶುರುವಾದ ಮೇಲೆ ಮೊದಲ ಸಲ ಅವು ನ್ಯಾಯವಾಗಿ ಬಿದ್ದಿದ್ದವು.

ಮಾಸ್ತರರು ನಕ್ಕರು. "ಅಷ್ಟು ಛಲೋ ಬಂದದೇನು?" ಎಂದು ಎಲ್ಲರಿಗೂ ಕೈಮುಗಿದು ಎದ್ದರು. ಭಜಿ ಮುಟ್ಟಲಿಲ್ಲ.

ದಾರಿಯಲ್ಲಿ ಹೆಂಡತಿಯ ಮೊಣಕೈ ಹಿಡಿದು ನಡೆಯುತ್ತ ಕೇಳಿದರು. "ಜಾನಕಿ, ನೀ ಹೇಳು. ಏನಿತ್ತು ಅದರಾಗ?"

"ರೀ, ಭಾಳ ಛಲೋ ಬಂದದ," ಎಂದಳು. ಮದುವೆಯಾದಾಗಿನಿಂದ ಆ ಮಾತು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. "ನಾ ತುಳಸಿಗಿ ನೀರು ಹಾಕಿ ಒಳಗ ಬಂದೀನಲ್ಲ, ನನ್ನ ಹೆಜ್ಜಿ ಅವ. ಹಿಂದಿಂದು ಒಣಗ್ಯದ, ಮುಂದಿಂದು ಹಸೀ ಅದ..."

ಅವರು ಮೊಣಕೈ ಬಿಟ್ಟರು. "ಕಥಿ ಚಂದ ಕಟ್ಟೀದಿ. ನೀನೂ ಕಲ್ತಿ ಅಂದಂಗಾಯ್ತು."

"ಯಾಕ್ರಿ?"

ಮಾಸ್ತರರು ಫೋನು ತೆಗೆದು ಬೆರಳಿಟ್ಟು ತೋರಿಸಿದರು. "ಹಿಂಗ ಕ್ಯಾಮೆರಾ ಮುಚ್ಚಿ ತಗದೀನಿ. ಕರ್ರಗ ಇರಬೇಕು ಅದು. ಕರೀದರಾಗ ನಿನಗ ಹೆಜ್ಜಿ ಕಾಣಸ್ಯಾವ."

ಜಾನಕೀಬಾಯಿ ನೋಡಿದಳು. ಫೋನಿನ ಬೆನ್ನಿಗೆ ಎರಡು ಗುಂಡನೆಯ ಗಾಜು ಇದ್ದವು. ಬೆರಳು ಫ್ಲ್ಯಾಶಿನ ಮೇಲಿತ್ತು. ಕ್ಯಾಮೆರಾದ ಕಣ್ಣು ಅದರ ಪಕ್ಕದಲ್ಲಿ ಬಟಾಬಯಲಾಗಿತ್ತು.

"ರೀ, ಅದು ಕ್ಯಾಮೆರಾ ಅಲ್ಲ, ದೀಪದ್ದು. ದೇವರಾಣಿ ಮಾಡಿ ಹೇಳ್ತೀನಿ."

"ಸಾಕು ಜಾನಕಿ. ಆಣಿ ಬ್ಯಾರೆ ಹಾಕಬ್ಯಾಡ."

ಇನ್ನು ಯಾರನ್ನು ಸಾಕ್ಷಿಗೆ ಕರೆಯುವುದು? ದೇವೀಂದ್ರಪ್ಪ ಮನೆಗೆ ಬಂದು ಅಳುತ್ತ ಹೇಳಿದ. ಕರೀಮ್ ಹೇಳಿದ, ಉಮಾದೇವಿ ಹೇಳಿದಳು. ಧೋತರದ ಅಂಚಿನಲ್ಲಿ ತಣ್ಣನೆಯ ನೀರು ಕಂಡವರು ಈಗ ಏನು ಹೇಳಿದರೆ ಏನು? ದೇವೀಂದ್ರಪ್ಪ ಆ ಫೋಟೊವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಂದುಕೊಟ್ಟ. ಮಾಸ್ತರರು ಗಾಜಿನ ಮೇಲೆ ಕೈಯಾಡಿಸಿ, "ಕರೀ ಹಾಳಿಗಿ ಎಷ್ಟು ಮರ್ಯಾದಿ!" ಎಂದರು. ಜಾನಕೀಬಾಯಿ ಅದನ್ನು ಟ್ರಂಕಿನ ಹಿಂದೆ ಇಟ್ಟಳು.

ಸ್ಪರ್ಧೆ ಬಿಟ್ಟದ್ದು ಹೋಗಲಿ, ಅವರು ಹೆಂಡತಿಯ ಮಾತನ್ನೇ ಬಿಟ್ಟರು. ಮೊದಲೆಲ್ಲ ಅಂಗಿಗೆ ಕಲೆ ಬಿದ್ದಿದೆಯೇ ಎಂದು ಆಕೆಯನ್ನು ಕೇಳುತ್ತಿದ್ದವರು ಈಗ ಏನೂ ಕೇಳುತ್ತಿರಲಿಲ್ಲ. ಕಣ್ಣಿನ ಹನಿಯನ್ನು ಆಕೆಯೇ ಹಾಕುತ್ತಿದ್ದಳು; ಈಗ ಶೀಶೆ ಕಿತ್ತುಕೊಂಡು ತಾವೇ ಹಾಕಿಕೊಂಡರು. ಹನಿ ರೆಪ್ಪೆಗೆ ಬೀಳುವುದು, ಕೆನ್ನೆಗೆ ಇಳಿಯುವುದು. "ಹೊರಗ ಬಿತ್ರಿ," ಎಂದರೆ, "ನಿನ್ನ ಮಾತು ಹ್ಯಾಂಗ ನಂಬಲಿ?" ಎನ್ನುವರು. ಕಾಯಿಲೆಗೇನು, ಅದು ಗಂಡ ಹೆಂಡಿರ ಜಗಳ ಮುಗಿಯಲಿ ಎಂದು ಕಾಯುವುದಿಲ್ಲ. ದೀಪಾವಳಿಯ ಹೊತ್ತಿಗೆ ಎಡಗಣ್ಣಿಗೆ ಕಿಟಕಿಯೂ ತಿಳಿಯದಾಯಿತು. ಇನ್ನುಳಿದದ್ದು ಬಲಗಣ್ಣಿನ ಚೂರು ಬೆಳಕು.

ಅಂದು ಅವರು ಮತ್ತೆ ಶೀಶೆ ಹಿಡಿದು ತಲೆಯೆತ್ತಿ ಕೂತಿದ್ದರು. ಹನಿ ಹಣೆಯ ಮೇಲೆ ಬಿತ್ತು. ಜಾನಕೀಬಾಯಿ ಒಳಗೆ ಹೋಗಿ, ಟ್ರಂಕಿನ ಹಿಂದಿನ ಕಟ್ಟು ತೆಗೆದು, ಸೆರಗಿನಿಂದ ಧೂಳು ಒರೆಸಿ ನೋಡಿದಳು. ತನ್ನ ಹೆಜ್ಜೆಗಳು ಇನ್ನೂ ಹಸಿಯಾಗಿಯೇ ಇದ್ದವು. ಅದನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟು ಹೊರಗೆ ಬಂದಳು.

"ರೀ, ಅವತ್ತಿನ ಫೋಟೊ ಕರೀನೇ ಇತ್ತು," ಎಂದಳು. "ಬರೀ ಕತ್ತಲಿ. ನಿಮ್ಮ ಬೆರಳು ಬರೋಬರಿ ಕೂತಿತ್ತು. ಹೆಜ್ಜಿ ಗಿಜ್ಜಿ ಎಲ್ಲ ನಾ ಕಟ್ಟಿ ಹೇಳಿದ್ದು."

ಮಾಸ್ತರರು ಶೀಶೆ ಕೆಳಗಿಳಿಸಿದರು. ಆಮೇಲೆ ಅವರ ಮುಖ ಸಡಿಲಾಯಿತು, ಎಷ್ಟೋ ತಿಂಗಳ ಮೇಲೆ. "ಈಗ ಖರೇ ಹೇಳಿದಿ," ಎಂದು ಶೀಶೆಯನ್ನು ಆಕೆಯ ಕೈಗೆ ಕೊಟ್ಟು, ಮುಖವನ್ನು ಮೇಲೆತ್ತಿದರು.

ಆಕೆ ರೆಪ್ಪೆ ಬಿಡಿಸಿ ಎರಡೂ ಕಣ್ಣಿಗೆ ಹನಿ ಹಾಕಿದಳು.

"ಒಳಗ ಬಿದ್ವೇನು?"

"ಬಿದ್ವು," ಎಂದಳು.

ಅವರು ನಂಬಿದರು.