ಒಂಬತ್ತನೇ ಮರಿಯ ತೂಕ

"ಇನ್ನೊಂದ್ಸಲ ಹಾಕಿ ಮಾವ," ಎಂದಳು ಮೇಡಂ.

ಅವನು ಒಂಬತ್ತನೇ ನಂಬರಿನ ಹಂದಿಮರಿಯ ಹೊಟ್ಟೆಯಡಿ ಕೈ ಕೊಟ್ಟು ಎತ್ತಿ, ಮೂರನೇ ಸಲ ತೂಕದ ತೊಟ್ಟಿಗೆ ಇಳಿಸಿದ. ಉಳಿದ ಹನ್ನೊಂದು ಮರಿಗಳು ಮುಟ್ಟಿದರೆ ಸಾಕು, ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಅರಚುತ್ತಿದ್ದವು. ಇದು ಅವನ ಮೊಣಕೈಗೆ ಮೂತಿ ಒರೆಸಿ ಸುಮ್ಮನೆ ನಿಂತಿತು. ಅಂಕಿ ಬದಲಾಗಲಿಲ್ಲ. ಜೊತೆಯ ಮರಿಗಳಿಗಿಂತ ಮುಕ್ಕಾಲು ಕಿಲೋ ಹೆಚ್ಚು.

ಸಂಶೋಧನಾ ಕೇಂದ್ರದ ಹಂದಿ ಶೆಡ್ಡಿನಲ್ಲಿ ಅವನದು ಹದಿನೆಂಟು ವರ್ಷದ ಚಾಕರಿ. ಈ ಸಲ ಹನ್ನೆರಡು ಮರಿ, ಹನ್ನೆರಡು ಪಂಜರ. ಹಳದಿ ಬಿಲ್ಲೆಯ ಆರು ಮರಿಗಳಿಗೆ ದಿನಾ ಬೆಳಿಗ್ಗೆ ಕಿವಿಯ ಹಿಂದೆ ಬೆಳವಣಿಗೆಯ ಹಾರ್ಮೋನಿನ ಸೂಜಿ. ಬಿಳಿ ಬಿಲ್ಲೆಯ ಆರಕ್ಕೆ ಬರೀ ಉಪ್ಪುನೀರು. ಮೇವು ಎಲ್ಲಕ್ಕೂ ಒಂದೇ, ಗ್ರಾಂ ಲೆಕ್ಕದಲ್ಲಿ ತೂಗಿದ್ದು. ಜಾಲರಿಯ ಕೆಳಗೆ ತಟ್ಟೆ, ಬಾಟಲಿ ಇಟ್ಟು ಹೇಲು ಉಚ್ಚೆಯನ್ನೂ ಒಂದು ಹನಿ ಬಿಡದೆ ಹಿಡಿಯಬೇಕು. ತಿಂದ ಪ್ರೋಟೀನಿನಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಮೈಗೆ ಹತ್ತಿದ ಮಾಂಸ. ಹಾರ್ಮೋನು ಕೊಟ್ಟರೆ ಎಷ್ಟು ಹೆಚ್ಚು ಹತ್ತುತ್ತದೆ? ಈ ಒಂದು ಪ್ರಶ್ನೆಗೆ ಮೇಡಂ ಮೂರು ವರ್ಷ ಸವೆಸಿದ್ದಳು.

ಒಂಬತ್ತನೆಯದು ಬಿಳಿ ಬಿಲ್ಲೆಯದು. ಉಪ್ಪುನೀರಿಗೆ ಮಾಂಸ ಹತ್ತಿಸುವ ಶಕ್ತಿ ಇದ್ದಿದ್ದರೆ ಕಡಲತೀರದವರೆಲ್ಲ ಪೈಲ್ವಾನರಾಗಿರಬೇಕಿತ್ತು.

"ತಿಂದಿದ್ದಕ್ಕಿಂತ ಜಾಸ್ತಿ ಬೆಳೀತಿದೆ ಮಾವ! ಇದರ ಮೈಯೊಳಗಿನ ಹಾರ್ಮೋನೇ ಏನೋ ಬೇರೆ ತರ ಕೆಲಸ ಮಾಡ್ತಿದೆ." ಮೇಡಂ ಲೆಕ್ಕದ ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿದಳು. "ಇದನ್ನ ಯಾರೂ ಕಂಡಿಲ್ಲ. ಈಗಲೇ ಹೋಗಿ ದೊಡ್ಡ ಸಾಹೇಬರಿಗೆ ಹೇಳ್ತೀನಿ. ಮೊದಲು ನಿಮಗೇ ಹೇಳ್ತಿರೋದು. ಹೇಳ್ಕೊಳ್ಳೋಕೆ ನನಗಾದ್ರೂ ಇನ್ಯಾರಿದಾರೆ?"

ಅವನು ಮರಿಯನ್ನು ತೊಟ್ಟಿಯಿಂದ ಎತ್ತಿ ಮತ್ತೆ ಪಂಜರಕ್ಕೆ ಬಿಟ್ಟ.

ಹೆಂಡತಿ ಸತ್ತು ಎರಡು ವರ್ಷವಾಗಿತ್ತು. ಬೆಳಿಗ್ಗೆ ಮೊಟ್ಟೆ ಬೇಯಿಸುವಾಗ ಅವನ ಕೈ ಎರಡನ್ನೇ ನೀರಿಗೆ ಬಿಡುತ್ತಿತ್ತು. ಒಂದು ತಿಂದರೆ ಇನ್ನೊಂದು ಗಂಟಲಲ್ಲಿ ಇಳಿಯದು. ಡಬ್ಬಿಗೆ ಹಾಕಿಕೊಂಡು ಬರುತ್ತಿದ್ದ. ಕ್ಯಾಂಟೀನಿನಲ್ಲಿ ಅವನು ಕೂತ ಬೆಂಚಿನಿಂದ ಜನ ಎದ್ದು ಹೋಗುತ್ತಿದ್ದರು. "ಹಂದಿಮಾವ, ಸ್ನಾನ ಮಾಡೋದು ವರ್ಷಕ್ಕೋ, ಜನ್ಮಕ್ಕೋ?" ಎಂದು ಅಟೆಂಡರ್ ಕೇಳಿದರೆ ಎಲ್ಲರೂ ನಗುವವರೇ. ಹಂದಿ ತಟ್ಟೆಯಲ್ಲಿ ಬಂದಾಗ ಆ ಮೂಗುಗಳಿಗೆ ಯಾವ ನಾತವೂ ಇರಲಿಲ್ಲ. ಹೀಗಾಗಿ ಮಧ್ಯಾಹ್ನ ಅವನು ಶೆಡ್ಡಿನಲ್ಲೇ, ಒಂಬತ್ತನೇ ಪಂಜರದ ಪಕ್ಕ ಕೂತು ಊಟ ಮಾಡುತ್ತಿದ್ದ. ಮರಿ ಮೊದಲ ದಿನವೇ ಸರಳಿನ ಸಂದಿಯಲ್ಲಿ ಮೂತಿ ತೂರಿಸಿತ್ತು. ಮೂರು ವಾರದಿಂದ ಆ ಎರಡನೇ ಮೊಟ್ಟೆ ಅದರದು. ಒಂದು ಮೊಟ್ಟೆಯಿಂದ ಯಾರ ಗಂಟೇನು ಹೋಗುತ್ತದೆ ಎಂದುಕೊಂಡಿದ್ದ. ತೂಗಿ ಮೇವು ಹಾಕುವವನೂ, ಬಾಟಲಿ ಹಿಡಿಯುವವನೂ ತಾನೇ ಆಗಿದ್ದೂ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಈಗ ಮೈ ಉರಿಯಿತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಡಂ ಆಗಲೇ ಬಾಗಿಲು ದಾಟಿದ್ದಳು.

"ತಾಯಿ, ನಿಲ್ಲಿ. ಸಾಹೇಬರ ಹತ್ರ ಹೋಗ್ಬೇಡಿ."

"ಯಾಕೆ?"

"ಹಾರ್ಮೋನೂ ಇಲ್ಲ, ಮಣ್ಣೂ ಇಲ್ಲ. ನಾನು ದಿನಾ ಅದಕ್ಕೊಂದು ಬೇಯಿಸಿದ ಮೊಟ್ಟೆ ಹಾಕ್ತಿದ್ದೆ."

ಅವಳು ನಕ್ಕಳು. ಅವನು ನಗದಿದ್ದುದನ್ನು ಕಂಡು ನಿಲ್ಲಿಸಿದಳು.

"ಎಷ್ಟು ದಿನದಿಂದ?"

"ಮೂರು ವಾರ."

"ಮೊಟ್ಟೆ ಎಷ್ಟು ಗ್ರಾಂ? ತೂಕ ಹಾಕಿದ್ರಾ?"

"ಊಟಕ್ಕೆ ಕೂತಾಗ ಯಾರಾದ್ರೂ ತಕ್ಕಡಿ ಹಿಡ್ಕೊಂಡು ಕೂರ್ತಾರಾ ತಾಯಿ?"

"ನಿಮ್ಮ ತಲೇಲಿ ಏನಿದೆ ಮಾವ? ಮೂರು ವರ್ಷ! ನನ್ನ ಮೂರು ವರ್ಷ!" ಅವಳ ಕೂಗಿಗೆ ಹನ್ನೆರಡು ಮರಿಗಳೂ ಒಟ್ಟಿಗೆ ಅರಚಿದವು. ಅವು ಸುಮ್ಮನಾಗುವವರೆಗೆ ಇಬ್ಬರೂ ಕಾಯಬೇಕಾಯಿತು. ಆಮೇಲೆ ಅವಳು ತಗ್ಗಿದ ದನಿಯಲ್ಲಿ ಕೇಳಿದಳು, "ಬೇರೆ ಮರಿಗಳಿಗೆ?"

"ಇಲ್ಲ. ನನ್ನ ಹೆಂಡತಿ ಆಣೆಗೂ ಇಲ್ಲ."

"ಅವರು ಹೋಗಿಬಿಟ್ಟಿದಾರಲ್ಲ ಮಾವ."

"ಅದಕ್ಕೇ ಆಣೆ ಇಡ್ತಿರೋದು."

ಅವಳು ಗೋಡೆಗೆ ಒರಗಿ ಪುಸ್ತಕ ತೆರೆದಳು. ಒಂಬತ್ತರ ಸಾಲಿನ ಮೇಲೆ ಅಡಿಗೋಲಿಟ್ಟು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಗೆರೆ ಎಳೆದಳು. ಕಣ್ಣೊರೆಸಿಕೊಳ್ಳಲಿಲ್ಲ, ಒದ್ದೆಯಾದ ಕಾಗದವನ್ನು ಮಾತ್ರ ತೋಳಿನಿಂದ ಒತ್ತಿದಳು.

"ಸಾಹೇಬರು ಕೇಳಿದ್ರೆ ಕಾಯಿಲೆ ಬಿತ್ತು, ತೆಗೆದೆ ಅಂತೀನಿ. ಇದನ್ನ ಹಿಂದಿನ ದೊಡ್ಡಿಗೆ ಬಿಟ್ಬನ್ನಿ. ನಾಳೆಯಿಂದ ಮಧ್ಯಾಹ್ನ ಶೆಡ್ಡಿಗೆ ಬೀಗ. ಕೀ ನನ್ನ ಹತ್ರ ಇರತ್ತೆ."

"ನಾನು ಊಟಕ್ಕೆ..."

"ಎಲ್ಲಾದ್ರೂ ಕೂತ್ಕೊಳ್ಳಿ."

ಅವನು ಪಂಜರ ತೆರೆದು ಮರಿಯ ಕಿವಿಯಿಂದ ಬಿಳಿ ಬಿಲ್ಲೆ ಬಿಚ್ಚಿದ. ಎದೆಗೆ ಅವುಚಿಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದ. ದೊಡ್ಡಿ ಖಾಲಿ ಇತ್ತು. ಮೆಲ್ಲಗೆ ಕೆಳಗಿಳಿಸಿದ. ಹುಟ್ಟಿದಾಗಿನಿಂದ ಸಿಮೆಂಟು, ಜಾಲರಿಗಳ ಮೇಲೇ ನಿಂತಿದ್ದ ಮರಿ ಮಣ್ಣಿನ ಮೇಲೆ ಒಂದು ಕಾಲಿಟ್ಟು ತಟ್ಟನೆ ಹಿಂದಕ್ಕೆ ಎಳೆದುಕೊಂಡಿತು. ಬಿಸಿಲಿಗೆ ಅದರ ಕಿವಿ ಕೆಂಪಾಗಿ, ಒಳಗಿನ ನರಗಳೆಲ್ಲ ಕಾಣುತ್ತಿದ್ದವು. ಮತ್ತೆ ಆ ಕಾಲನ್ನೇ ಎತ್ತಿ, ಎಲ್ಲಿಡುವುದೆಂದು ತಿಳಿಯದೆ ಹಾಗೇ ಹಿಡಿದು ನಿಂತಿತು.