ಹದ್ದಿನ ಬಾಲದ ಗೆರೆ

ಆರ್ಲೊ ಟೋಸ್ಟ್ರುಡ್ ಸುಮಾರು ಇಪ್ಪತ್ತು ವರ್ಷ ತನ್ನ ಹೆಂಡತಿಯ ಮೇಲೆ ಒಂದು ಸುಳ್ಳು ಹೇಳಿಕೊಂಡು ತಿರುಗಿದ. ಅದು ಸುಳ್ಳು ಅಂತ ಪಾಪ ಅವನಿಗೂ ಗೊತ್ತಿರಲಿಲ್ಲ ಅನ್ನಿ. ತಿಂಗಳ ಮೊದಲ ಮಂಗಳವಾರ ಜುಂಬ್ರೋಟಾ ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ನಾಣ್ಯದ ಹುಚ್ಚಿನ ಹನ್ನೊಂದು ಜನ ಸೇರುತ್ತಿದ್ದರು. ಹೊಸಬರು ಯಾರೇ ಬರಲಿ, ಆರ್ಲೊ ಅವರನ್ನು ಹಿಡಿದು ಕೂರಿಸಿ, "ನನ್ನ ಹೆಂಡ್ತಿ ಐದು ಸಾವಿರ ಡಾಲರ್ ಕೊಟ್ಟು ಒಂದು ಕ್ಯಾನ್ ಹಾಲು ತಂದೋಳು, ಗೊತ್ತಾ?" ಎಂದು ಶುರು ಮಾಡುತ್ತಿದ್ದ.

ಕತೆ ಇಷ್ಟೇ. ಎರಡು ಸಾವಿರನೇ ಇಸವಿ ಜನವರಿಯಲ್ಲಿ ಮನೆಗೆ ತಂದ ಸೀರಿಯಲ್ ಪೊಟ್ಟಣದೊಳಗೆ ಒಂದು ರಟ್ಟಿಗೆ ಅಂಟಿಸಿದ ಹೊಸ ಡಾಲರ್ ನಾಣ್ಯ ಸಿಕ್ಕಿತ್ತು. ಬಂಗಾರದ ಬಣ್ಣ. ಒಂದು ಕಡೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸು, ಇನ್ನೊಂದು ಕಡೆ ಹಾರುವ ಹದ್ದು. ಅಂಥದ್ದು ಬ್ಯಾಂಕಿಗೆ ಇನ್ನೂ ಬಂದಿರಲಿಲ್ಲ. ಆರ್ಲೊ ಅದನ್ನು ಅಡುಗೆಮನೆ ಕಿಟಕಿಯ ಲೋಟದಲ್ಲಿ ಹಾಕಿಟ್ಟ. ನಾಲ್ಕು ದಿನ ಬಿಟ್ಟು ನೋಡಿದರೆ ಲೋಟ ಖಾಲಿ. ಹೆಂಡತಿ ಡೆಲೋರಿಸ್‌ಳನ್ನು ಕೇಳಿದ್ದಕ್ಕೆ, "ಹಾಲಿಗೆ ಕೊಟ್ಟೆನೇನೋಪ್ಪ" ಎಂದಳು. ಹೋಗಲಿ ಬಿಡು, ನಾಳೆ ಬ್ಯಾಂಕಿನಲ್ಲಿ ರಾಶಿ ಬೀಳುತ್ತದೆ ಎಂದು ಅವನೂ ಸುಮ್ಮನಾದ.

ರಾಶಿ ಬಿದ್ದಿದ್ದೂ ನಿಜ. ಆದರೆ ಐದು ವರ್ಷದ ಮೇಲೆ ಯಾರೋ ಕಣ್ಣು ಚುರುಕಿದ್ದವರು ಭೂತಗನ್ನಡಿ ಹಿಡಿದು ನೋಡಿ ಒಂದು ಸಂಗತಿ ಕಂಡುಹಿಡಿದರು. ಪೊಟ್ಟಣದಲ್ಲಿ ಬಂದ ನಾಣ್ಯದ ಹದ್ದಿಗೆ ಬಾಲದ ಗರಿಗಳಲ್ಲಿ ಉಬ್ಬಿದ ಗೆರೆಗಳಿದ್ದವು. ಬ್ಯಾಂಕಿನ ರಾಶಿಯ ಹದ್ದಿಗೆ ಬಾಲ ನುಣ್ಣಗಿತ್ತು. ಗೆರೆಯ ನಾಣ್ಯ ಆಚೆ ಬಂದಿದ್ದೇ ಕೆಲವು ಸಾವಿರ, ಅದರಲ್ಲೂ ಬಹುಪಾಲು ಜನ ಒಂದು ಡಾಲರ್ ಅಂತಲೇ ಖರ್ಚು ಮಾಡಿ ಕೈತೊಳೆದುಕೊಂಡಿದ್ದರು. ಬೆಲೆ ಆಕಾಶಕ್ಕೆ ಹೋಯಿತು. ಆವತ್ತು ಆರ್ಲೊ ರಾತ್ರಿಯ ಊಟ ಮುಟ್ಟಲಿಲ್ಲ.

ಹಾಗಂತ ಅವನು ಮಾರಿ ದುಡ್ಡು ಮಾಡುವ ಪೈಕಿ ಅಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಹಳೇ ಬೆಳ್ಳಿ ಡಾಲರ್ ಕೊಳ್ಳುವ ಶಕ್ತಿ ಇರಲಿಲ್ಲ. ಬ್ಯಾಂಕಿಗೆ ಹೋಗಿ ಒಂದು ಡಾಲರ್ ಕೊಟ್ಟು ಒಂದು ಡಾಲರ್ ನಾಣ್ಯ ತರುವುದು, ಒಂದೊಂದನ್ನೂ ತಿರುಗಿಸಿ ನೋಡುವುದು, ಏನಾದರೂ ವ್ಯತ್ಯಾಸ ಕಂಡರೆ ಆಲ್ಬಮ್ಮಿನ ಗುಂಡಿಯಲ್ಲಿ ಕೂರಿಸುವುದು, ಉಳಿದದ್ದನ್ನು ವಾಪಸ್ ಕೊಡುವುದು. ದುಡ್ಡಿಲ್ಲದ ಆಟ, ಕಣ್ಣಿದ್ದರೆ ಸಾಕು. ಸಂಘದ ಗಸ್ ಲಿಂಡಾಲ್ ಮಾತ್ರ, ತಾತನ ಕಾಲದ ಬೆಳ್ಳಿ ಕೂಡಿಟ್ಟವನು, ಆಲ್ಬಮ್ ಕಂಡಾಗಲೆಲ್ಲ, "ಏನಪ್ಪಾ, ಕಾರು ತೊಳೆಯೋ ಮಿಶಿನ್ನಿಗೆ ಹಾಕೋ ಬಿಲ್ಲೆ ಎಷ್ಟಾಯ್ತು?" ಎಂದು ಕಾಲೆಳೆಯುತ್ತಿದ್ದ. ಆ ಆಲ್ಬಮ್ಮಿನಲ್ಲಿ ಎಲ್ಲ ಗುಂಡಿ ತುಂಬಿತ್ತು, ಮೊದಲ ಪುಟದ ಮೊದಲನೆಯದು ಬಿಟ್ಟು. ಆ ಒಂದು ಖಾಲಿ ಗುಂಡಿ ಆರ್ಲೊನ ಹೊಟ್ಟೆ ಉರಿಸುತ್ತಿತ್ತು.

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮಗಳು ಬ್ರಿಟಾ ಫೋನ್ ಮಾಡಿದಳು. ಡೆಲೋರಿಸ್ ಎತ್ತಿಕೊಂಡಳು.

"ಸಿಗ್ನಿದು ಹಲ್ಲು ಬಿತ್ತಾ? ಅಯ್ಯೋ ನನ್ ಬಂಗಾರ! ಯಾವಾಗ, ಶನಿವಾರನಾ? ಹಲ್ಲು ಕಿನ್ನರಿ ಏನಿಟ್ಲು ದಿಂಬಿನ ಕೆಳಗೆ?" ಎಂದು ನಗುತ್ತ ಕೇಳಿದವಳು ಆಮೇಲೆ ತಣ್ಣಗಾದಳು. "ನಿನ್ನದೇ ಡಾಲರ್ರಾ? ನಿನ್ನ ಮೊದಲ ಹಲ್ಲಿಂದಾ? ಅದನ್ನ ಇಷ್ಟು ವರ್ಷ ಇಟ್ಕೊಂಡಿದ್ಯಾ?"

ಫೋನಿಟ್ಟು ಬಂದು ಗಂಡನ ಎದುರು ನಿಂತಳು.

"ಆರ್ಲೊ, ಸ್ವಲ್ಪ ಕೂತ್ಕೋ."

"ಕೂತೇ ಇದೀನಲ್ಲ."

"ಹಾಗಾದ್ರೆ ಆ ಕಾಫಿ ಕೆಳಗಿಡು." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ನಿನ್ನ ಆ ಡಾಲರ್ ಹಾಲಿಗೆ ಹೋಗ್ಲಿಲ್ಲ ಮಾರಾಯ. ಬ್ರಿಟಾ ಮೊದಲ ಹಲ್ಲು ಬಿದ್ದಿದ್ದೂ ಅದೇ ಜನವರೀಲಿ. ಹೊರಗೆ ಮಂಡಿತನಕ ಹಿಮ, ಪರ್ಸಲ್ಲಿ ಚಿಲ್ಲರೆ ಇರ್ಲಿಲ್ಲ. ಲೋಟದಲ್ಲಿದ್ದಿದ್ದು ತಗೊಂಡು, ಬಿದ್ದ ಹಲ್ಲಿಗೆ ಕಿನ್ನರಿ ಕೊಟ್ಟ ದುಡ್ಡು ಅಂತ ದಿಂಬಿನ ಕೆಳಗಿಟ್ಟೆ. ದೇವರಾಣೆ, ಮರ್ತೇ ಹೋಗಿತ್ತು. ಅದನ್ನೇ ಶನಿವಾರ ಅವಳು ಸಿಗ್ನಿಗೆ ಇಟ್ಟಿದಾಳೆ."

ಆರ್ಲೊ ಈಗ ಕಾಫಿ ಕೆಳಗಿಟ್ಟ. ಡೆಲೋರಿಸ್ ಬಿಡಲಿಲ್ಲ. "ಇಪ್ಪತ್ತು ವರ್ಷ ಊರು ತುಂಬ ನನ್ನ ಹಾಲಿನ ಕತೆ ಹಾಡ್ಕೊಂಡು ತಿರುಗಿದ್ಯಲ್ಲ, ಈಗ ಆ ಹನ್ನೊಂದು ಜನದ ಮುಂದೆ ನಿಂತು ತಪ್ಪಾಯ್ತು ಅನ್ನು. ನಾನೂ ಬಂದು ಮುಂದಿನ ಸಾಲಲ್ಲೇ ಕೂರ್ತೀನಿ."

ಅವನು ಆಗಲೇ ಬೂಟು ಹಾಕಿಕೊಳ್ಳುತ್ತಿದ್ದ.

"ಎಲ್ಲಿಗೆ ಸವಾರಿ?"

"ಮೊಮ್ಮಗಳ ಹಲ್ಲು ಬಿದ್ದಿದೆ. ಅಜ್ಜ ಆದೋನು ನೋಡ್ಕೊಂಡು ಬರಬಾರ್ದಾ?"

"ಅವಳು ಕೈ ಮುರ್ಕೊಂಡಾಗ ಭಾನುವಾರದ ತನಕ ಕಾದೋನು ನೀನು! ಆರ್ಲೊ, ಇಲ್ನೋಡು. ಮಗು ಕೈಯಿಂದ ಕಿತ್ಕೋಬೇಡ."

"ಬರೀ ನೋಡ್ತೀನಿ ಕಣೇ."

ಬರೀ ನೋಡುವವನು ಆಲ್ಬಮ್ಮಿನಿಂದ ಅದೇ ಇಸವಿಯ, ಬ್ಯಾಂಕಿನ ರಾಶಿಯ, ನುಣ್ಣನೆ ಬಾಲದ ಒಂದು ಡಾಲರ್ ತೆಗೆದು ಕೋಟಿನ ಎಡಜೇಬಿಗೆ ಯಾಕೆ ಹಾಕಿಕೊಂಡ ಅಂತ ಕೇಳಿದರೆ, ಹೋಲಿಸಿ ನೋಡಲಿಕ್ಕೆ ಎಂದು ತನಗೆ ತಾನೇ ಹೇಳಿಕೊಂಡ.

ಮಗಳ ಊರು ಮ್ಯಾಂಕೇಟೊಗೆ ಒಂದೂವರೆ ಗಂಟೆ ದಾರಿ. ಹೊಲಗಳಲ್ಲಿ ಹಿಮ ಕೊಳಕಾಗಿ ಕರಗುತ್ತಿತ್ತು. ತಪ್ಪು ಕೆಲಸಕ್ಕೆ ಹೊರಟವನ ಬುದ್ಧಿ ಎಷ್ಟು ಚುರುಕಾಗುತ್ತದೆ ಅಂತೀರಿ! ಆರು ವರ್ಷದ ಮಗುವಿಗೆ ಡಾಲರ್ ಅಂದರೆ ಡಾಲರ್. ಹೊಳೆಯುವುದು ಹೋಗಿ ಇನ್ನೂ ಹೊಳೆಯುವುದು ಬಂದರೆ ಅವಳಿಗೇನು ನಷ್ಟ? ನಾಳೆ ಶಾಲೆಗೆ ಒಯ್ದು ಮಿಠಾಯಿ ಮಿಶಿನ್ನಿಗೆ ಹಾಕಿಬಿಟ್ಟರೆ? ತನ್ನ ಆಲ್ಬಮ್ಮಿನಲ್ಲಿದ್ದರೆ ಭದ್ರ. ತಾನು ಸತ್ತ ಮೇಲೆ ಅದು ಸಿಗ್ನಿಗೇ ತಾನೇ? ಒಂದೊಂದು ಮೈಲಿಗೂ ಒಂದೊಂದು ಒಳ್ಳೇ ಕಾರಣ ಸಿಕ್ಕಿತು. ಬಸ್ಸಿನಲ್ಲಿ ಮಕ್ಕಳು ಬಿಟ್ಟುಹೋದ ಒಂಟಿ ಕೈಗವಸನ್ನೂ ಮನೆ ಹುಡುಕಿ ತಲುಪಿಸುತ್ತಿದ್ದ ಮನುಷ್ಯ ಇವನೇ.

ಬ್ರಿಟಾ ಬಾಗಿಲು ತೆಗೆದು ಅಪ್ಪನನ್ನು ಕಂಡು ಬೆರಗಾದಳು. "ಅಪ್ಪ! ಸೋಮವಾರ? ಅಮ್ಮ ಹುಷಾರಾಗಿದಾಳೆ ತಾನೇ?" ಎಂದವಳ ಕಣ್ಣಲ್ಲಿ ಗಾಬರಿಗಿಂತ ಖುಷಿಯೇ ಜಾಸ್ತಿ ಇತ್ತು. ಅಪ್ಪ ಸುಮ್ಮಸುಮ್ಮನೆ ಬರುವವನಲ್ಲ. ಒಳಗೆ ಕರೆದು ಕಾಫಿಗೆ ನೀರಿಟ್ಟಳು. ಡಾಲರಿನ ಬೆಲೆ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ನಾಣ್ಯದ ಮಾತು ತೆಗೆದರೆ ಸಾಕು, ಮೊದಲಿಂದಲೂ ಅವಳಿಗೆ ಆಕಳಿಕೆ ಬರುತ್ತಿತ್ತು.

ಶಾಲೆಯಿಂದ ಬಂದ ಸಿಗ್ನಿ ಅಜ್ಜನ ಮುಂದೆ ಬಾಯಿ ಅಗಲಿಸಿ ತೋರಿಸಿದಳು. "ನೋಡು, ನಾಲಿಗೆ ಹಾಕಿದ್ರೆ ಹೊರಗೆ ಬರುತ್ತೆ!"

"ಭೇಷ್! ಕಿನ್ನರಿ ಏನು ಕೊಟ್ಲಮ್ಮ?"

ಅವಳು ಓಡಿಹೋಗಿ ಒಂದು ಪುಟ್ಟ ಬಟ್ಟೆ ಚೀಲ ತಂದು, ನಾಣ್ಯವನ್ನು ಅಜ್ಜನ ಅಂಗೈಯಲ್ಲಿಟ್ಟಳು. ಆರ್ಲೊ ಭೂತಗನ್ನಡಿ ತೆಗೆದ. ಹದ್ದು, ರೆಕ್ಕೆ, ಬಾಲ. ಗರಿಯ ನಡುವೆ ಉಬ್ಬಿದ ಗೆರೆ, ಕೂದಲೆಳೆಯಷ್ಟು, ನಿಚ್ಚಳವಾಗಿ ನಿಂತಿತ್ತು. ಇಪ್ಪತ್ತು ವರ್ಷ ಚಿತ್ರದಲ್ಲಷ್ಟೇ ನೋಡಿದ್ದ ಗೆರೆ.

"ನನ್ನ ಬೆಕ್ಕು ತೋರಿಸ್ತೀನಿ ಇರು," ಎಂದು ಸಿಗ್ನಿ ಒಳಗೋಡಿದಳು. ಬ್ರಿಟಾ ಬೆನ್ನು ತಿರುಗಿಸಿ ಕಪ್ಪು ತೊಳೆಯುತ್ತಿದ್ದಳು. ಆರ್ಲೊನ ಎಡಗೈ ಜೇಬಿಗೆ ಹೋಯಿತು, ಬಂತು. ಬಲಗೈ ಜೇಬಿಗೆ ಹೋಯಿತು, ಬಂತು. ಅಷ್ಟೇ, ಒಂದು ಸಲ ಕೆಮ್ಮಿದಷ್ಟು ಹೊತ್ತು.

ಬೆಕ್ಕು ಸಿಕ್ಕಲಿಲ್ಲವೆಂದು ಸಿಗ್ನಿ ವಾಪಸ್ ಬಂದಳು. ನಾಣ್ಯ ತೆಗೆದುಕೊಂಡು ಚೀಲಕ್ಕೆ ಹಾಕುವ ಮುಂಚೆ ಹದ್ದಿನ ಕಡೆ ತಿರುಗಿಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಬಾಲದ ಮೇಲೆ ಗೀರಿದಳು.

"ಇದು ನಂದಲ್ಲ."

"ಏನು?" ಎಂದಳು ಬ್ರಿಟಾ.

"ನನ್ ಹಕ್ಕಿ ಬಾಲಕ್ಕೆ ಗೆರೆ ಇತ್ತು. ಇದಕ್ಕಿಲ್ಲ."

ಆರ್ಲೊ ಏನಾದರೂ ಹೇಳುವ ಮೊದಲೇ ಬ್ರಿಟಾ ಮಗಳ ಮೇಲೆ ರೇಗಿದಳು. "ಸಿಗ್ನಿ! ಏನು ಮಾತು ಅದು? ಅಜ್ಜ ಯಾರ ವಸ್ತುವನ್ನೂ ಮುಟ್ಟೋರಲ್ಲ. ಅದೇ ಡಾಲರ್ ಅದು, ಸರಿಯಾಗಿ ನೋಡು."

ಸಿಗ್ನಿ ಮತ್ತೆ ನೋಡಿದಳು. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ಅಮ್ಮನ ಮುಖ ನೋಡಿದಳು, ಅಜ್ಜನ ಮುಖ ನೋಡಿದಳು. ಇಬ್ಬರು ದೊಡ್ಡವರು ಒಂದು ಕಡೆ, ಅವಳು ಒಬ್ಬಳೇ ಒಂದು ಕಡೆ. ಧ್ವನಿ ಸಣ್ಣಗಾಯಿತು.

"ನಾನೇ ತಪ್ಪು ನೋಡಿದ್ನೇನೋ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಗುಂಡಿ ತುಂಬುತ್ತಿತ್ತು, ಗಸ್ ಲಿಂಡಾಲ್‌ನ ಬಾಯಿ ಮುಚ್ಚುತ್ತಿತ್ತು. ಆದರೆ ಆ ಮಾತು ಆರ್ಲೊಗೆ ಕಪಾಳಕ್ಕೆ ಹೊಡೆದಂತಾಯಿತು. ಗೆರೆ ಕಂಡದ್ದೇ ಒಂದು ಆಶ್ಚರ್ಯ. ಸಂಘದ ಹನ್ನೊಂದು ಜನರಲ್ಲಿ ಒಬ್ಬನಿಗೂ ಹೇಳಿಕೊಡದೆ ಅದು ಕಾಣುತ್ತಿರಲಿಲ್ಲ. ನಾಣ್ಯದ ಪತ್ರಿಕೆಯಲ್ಲಿ ಓದುವ ತನಕ ಅವನಿಗೇ ಗೊತ್ತಿರಲಿಲ್ಲ. ಈ ಮಗು ಎರಡೇ ದಿನದಲ್ಲಿ, ಬರಿಗಣ್ಣಲ್ಲಿ ಕಂಡಿತ್ತು. ಅಂಥ ಕಣ್ಣನ್ನು ಅವಳೇ ನಂಬದ ಹಾಗೆ ಮಾಡುತ್ತಿದ್ದಾನೆ ಅವನು. ನಾಚಿಕೆ ಮತ್ತು ಸಂತೋಷ ಎರಡೂ ಒಟ್ಟಿಗೆ ನುಗ್ಗಿ ಬಂದವು.

ಬಲಜೇಬಿನಿಂದ ನಾಣ್ಯ ತೆಗೆದು ಮೇಜಿನ ಮೇಲಿಟ್ಟ.

"ನೀನು ತಪ್ಪು ನೋಡ್ಲಿಲ್ಲ ಪುಟ್ಟಿ. ಸರಿಯಾಗೇ ನೋಡಿದೀಯ. ನಾನು ಬದಲಾಯಿಸಿಬಿಟ್ಟೆ."

ನಲ್ಲಿ ನೀರು ಹರಿಯುತ್ತಲೇ ಇತ್ತು. ಬ್ರಿಟಾ ಅದನ್ನು ನಿಲ್ಲಿಸಲಿಲ್ಲ. "ಅಪ್ಪ?" ಎಂದಳು.

"ಅದಕ್ಕೆ ಐದು ಸಾವಿರದ ತನಕ ಬೆಲೆ ಇದೆ. ಅದು ಇಲ್ಲಿದೆ ಅಂತ ಇವತ್ತು ಬೆಳಿಗ್ಗೆ ಗೊತ್ತಾಯ್ತು. ಅದಕ್ಕೇ ಬಂದೆ."

"ನಾವು ನೆನಪಾಗಿ ಬಂದ್ಯೇನೋ ಅಂದ್ಕೊಂಡೆ," ಎಂದಳು ಬ್ರಿಟಾ. ಐದು ಸಾವಿರ ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಅವನು ತಲೆ ತಗ್ಗಿಸಿದ. ತಪ್ಪಾಯ್ತು ಎಂದ. ಅವಳು ನಲ್ಲಿ ಮುಚ್ಚಿದಳು.

ಸಿಗ್ನಿಗೆ ಇದ್ಯಾವುದೂ ಬೇಕಿರಲಿಲ್ಲ. ಎರಡೂ ನಾಣ್ಯ ಅಕ್ಕಪಕ್ಕ ಇಟ್ಟುಕೊಂಡು ಮೂಗು ತಾಗಿಸುವಷ್ಟು ಬಗ್ಗಿದ್ದಳು.

"ಇದಕ್ಕೆ ಯಾಕೆ ಗೆರೆ ಇದೆ, ಅದಕ್ಕೆ ಯಾಕಿಲ್ಲ?"

"ಮೊದಲು ಗೆರೆ ಹಾಕಿ ಕೆತ್ತಿದ್ರು. ಆಮೇಲೆ ಬೇಡ ಅನ್ನಿಸ್ತೇನೋ, ನುಣ್ಣಗೆ ಮಾಡಿದ್ರು."

"ಯಾಕೆ ಬೇಡ ಅನ್ನಿಸ್ತು? ಗೆರೆ ಇದ್ರೇ ಚೆಂದ."

"ನಂಗೂ ಹಾಗೇ ಅನ್ಸುತ್ತೆ."

"ಕಿನ್ನರಿಗೆ ಗೊತ್ತಿತ್ತಾ ಇದು ಬೇರೆ ಅಂತ?"

ಆರ್ಲೊ ಮಗಳ ಕಡೆ ಓರೆಗಣ್ಣಿಂದ ನೋಡಿದ. "ಇಲ್ಲಮ್ಮ. ಪಾಪ, ಅವಳಿಗೆ ಅದು ಬರೀ ಡಾಲರ್."

ಬ್ರಿಟಾ ನಗಲಿಲ್ಲ. ಆದರೂ ಕಾಫಿ ತಂದು ಅವನ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು.

"ಸಿಗ್ನಿ," ಎಂದ ಆರ್ಲೊ. ನಾಣ್ಯ ತಿರುಗಿಸಿ ನೋಡುವ ನಲವತ್ತು ವರ್ಷದ ಚಾಳಿ, ಕೈ ತಾನಾಗಿ ಮುಂದೆ ಚಾಚಿತು. "ಇನ್ನೊಂದೇ ಒಂದ್ಸಲ ನೋಡ್ಲಾ?"

ಸಿಗ್ನಿ ಅವನ ಅಂಗೈ ನೋಡಿದಳು. ಗೆರೆಯ ನಾಣ್ಯವನ್ನು ಎತ್ತಿಕೊಂಡು, ಕೊಡಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅದನ್ನು ತನ್ನ ಅಂಗೈಯಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮೇಜಿನ ಮೇಲಿದ್ದ ಅವನ ಭೂತಗನ್ನಡಿಯನ್ನು ಅದರ ಮೇಲೆ ಹಿಡಿದಳು.

"ನೋಡು. ಆದ್ರೆ ನನ್ ಕೈಯಲ್ಲೇ."

ಆರ್ಲೊ ಎದ್ದು ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿದ.