ಸವೆದ ರಬ್ಬರ್ ಉಂಗುರ

ನಮ್ಮ ಪ್ರಯೋಗಾಲಯದಲ್ಲಿ ಪ್ಲಾಸ್ಮಾ ಯಂತ್ರ ನಡೆಸುವವರನ್ನು ಎಲ್ಲರೂ ಬಣ್ಣದ ಮಾಮ ಅಂತಲೇ ಕರೆಯುವುದು. ಗಾಜಿನ ಕಿಂಡಿಯಲ್ಲಿ ಇಣುಕಿ, ಒಳಗಿನ ಬೆಳಕಿನ ಬಣ್ಣ ನೋಡಿಯೇ ಯಂತ್ರದ ಆರೋಗ್ಯ ಹೇಳಿಬಿಡುತ್ತಾರೆ. ನಾನೋ, ಮೀಟರು ಬಿಟ್ಟರೆ ಬೇರೇನನ್ನೂ ನಂಬದವಳು.

ಅಮೋನಿಯಾ ಸೋರಿದರೆ ಪತ್ತೆ ಹಚ್ಚುವ, ಬಟ್ಟೆಯಂತೆ ಬಾಗುವ ಸೆನ್ಸರ್ ಮಾಡುವುದು ನನ್ನ ಕೆಲಸ. ಪ್ಲಾಸ್ಟಿಕ್ ಹಾಳೆಯ ಮೇಲೆ ತವರದ ಆಕ್ಸೈಡಿನ ತೆಳು ಪದರ ಕೂರಿಸಬೇಕು. ಬಿಸಿ ಹೆಚ್ಚಾದರೆ ಹಾಳೆ ಮುರುಟಿಹೋಗುತ್ತದೆ, ಅದಕ್ಕೇ ತಣ್ಣನೆಯ ಪ್ಲಾಸ್ಮಾ, ಅಂದರೆ ವಿದ್ಯುತ್ ಹಾಯಿಸಿ ಬೆಳಗಿಸಿದ ಅನಿಲ. ಎರಡು ವರ್ಷ ಹೆಣಗಿದ ಮೇಲೆ, ಒಂದು ವಾರ ಮಾಡಿದ ಹಾಳೆಗಳು ಅಮೋನಿಯಾ ಸೋಕಿದ್ದೇ ತಡ ಸ್ಪಂದಿಸಿದವು. ಆ ವಾರವಿಡೀ ಮಾಮ, ಬೆಳಕು ಗುಲಾಬಿಗೆ ತಿರುಗಿದೆ ಕಣಮ್ಮ, ಎಲ್ಲೋ ಹೊರಗಾಳಿ ನುಗ್ಗುತ್ತಿದೆ ಎಂದು ಗೊಣಗಿದ್ದರು. ಕೆಲಸ ಕೈಗೂಡಿದಾಗ ಈ ಬಣ್ಣದ ಪುರಾಣ ಯಾರಿಗೆ ಬೇಕು? ನನ್ನ ಹೆಸರಿನಲ್ಲಿ ವರದಿ ಹೋಯಿತು, ನಿರ್ದೇಶಕರು ಬೆನ್ನು ತಟ್ಟಿದರು.

ಆಮೇಲೆ ಮಾಮ, ಹೊರಗಾಳಿ ನುಗ್ಗದಂತೆ ತಡೆಯುವ, ಯಂತ್ರದ ಬಾಗಿಲಿನ ಸವೆದ ರಬ್ಬರ್ ಉಂಗುರ ಬದಲಿಸಿದರು. ಅಂದಿನಿಂದ ಒಂದು ಹಾಳೆಯೂ ಸ್ಪಂದಿಸಲಿಲ್ಲ. ರಜೆಯ ದಿನ ಒಬ್ಬಳೇ ಬಂದು, ಹಳೆಯ ಉಂಗುರವನ್ನು ಕಸದ ಡಬ್ಬಿಯಿಂದ ಹೆಕ್ಕಿ ಕೂರಿಸಿ ನೋಡಿದೆ. ಹೊಸ ಹಾಳೆ ಮತ್ತೆ ಸ್ಪಂದಿಸಿತು. ನನ್ನ ಜಾಣತನವೆಲ್ಲ ಆ ಉಂಗುರದ ಸಂದಿಯಲ್ಲಿ ನುಗ್ಗಿದ ಗಾಳಿ. ಅದನ್ನು ಬಿಚ್ಚಿ ಬ್ಯಾಗಿಗೆ ತುರುಕಿ, ಹೊಸದನ್ನು ಮತ್ತೆ ಕೂರಿಸಿ, ಬಾಯಿ ಮುಚ್ಚಿಕೊಂಡೆ.

ನಿರ್ದೇಶಕರು ಸಭೆ ಕರೆದರು. ಮಾಮನೇ ಯಂತ್ರ ಕೆಡಿಸಿದ್ದಾರೆ ಎಂದು ತೀರ್ಮಾನವಾಯಿತು. ಇಪ್ಪತ್ತೆರಡು ವರ್ಷ ಸಾಕಿದ ಯಂತ್ರ ಬಿಟ್ಟು ನಾಳೆಯಿಂದ ಅವರು ಉಗ್ರಾಣಕ್ಕೆ. ಹೇಳುವುದೇನಾದರೂ ಇದೆಯೇ ಎಂದು ನನ್ನನ್ನೂ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಬ್ಯಾಗಿನ ಮೇಲೆ ಹೋಯಿತು. ಇಲ್ಲ ಅಂದೆ.

ಸಂಜೆ ಮಾಮ ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಡಬ್ಬಕ್ಕೆ ಹಾಕುತ್ತಿದ್ದರು. ತಡೆಯಲಾರದೆ ಉಂಗುರವನ್ನು ಅವರ ಮುಂದಿಟ್ಟೆ.

"ಗೊತ್ತು ಮೇಡಂ. ಬಾಗಿಲ ಬೋಲ್ಟು ಬೇರೆ ಕೈ ಬಿಗಿದಿದ್ದು ಅಂತ ಮಾರನೇ ದಿನಾನೇ ಗೊತ್ತಾಯ್ತು."

ಮತ್ತೆ ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದೆ.

"ನಾನು ಹೇಳಿದ್ರೆ ಚಾಡಿ ಆಗ್ತಿತ್ತು. ನೀವೇ ಹೇಳ್ತೀರಿ ಅಂತ ಕಾದೆ. ಅವ್ರು ನಿಮ್ಮನ್ನ ಕೇಳಿದಾಗ್ಲೂ ಕಾದೆ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಉಂಗುರ ಎತ್ತಿಕೊಂಡು ಹೋಗಿ ನಿರ್ದೇಶಕರ ಬಾಗಿಲು ತಟ್ಟಿ, ಎಲ್ಲ ಹೇಳಿದೆ.

ವರದಿ ಹಿಂದಕ್ಕೆ ಪಡೆದೆವು, ಮಾಮ ಮತ್ತೆ ಯಂತ್ರದ ಮುಂದಿದ್ದಾರೆ. ಬಣ್ಣ ಬದಲಾದರೆ ಈಗಲೂ ನನಗೇ ಮೊದಲು ಹೇಳುತ್ತಾರೆ. ಆದರೆ ಲ್ಯಾಬಿನ ಹುಡುಗಿಯರನ್ನೆಲ್ಲ "ಏನಮ್ಮ" ಅಂತ ಮಾತಾಡಿಸುವವರು, ನನ್ನೊಬ್ಬಳನ್ನು ಮಾತ್ರ ಅಂದಿನಿಂದ ಮೇಡಂ ಅನ್ನುತ್ತಾರೆ.